ಅಳೆದದ್ದೇ ಕೈಗೆ ಸಿಗುತ್ತದೆ: ಸೂಕ್ಷ್ಮಜೀವಿ ಮತ್ತು ಕಿಣ್ವಗಳನ್ನು ತಿದ್ದುವ ವಿಜ್ಞಾನ



ವಿಜ್ಞಾನದ ಒಂದು ವಿಷಯವನ್ನು ಪ್ರತಿ ವರ್ಷ ಕನ್ನಡದಲ್ಲಿ, ಆ ವಿಷಯ ಓದದವರಿಗೂ ತಿಳಿಯುವಂತೆ ಹೇಳಿಸಬೇಕು ಎಂಬ ಆಸೆಯಿಂದ ಈ ದತ್ತಿ ಉಪನ್ಯಾಸ ಹುಟ್ಟಿಕೊಂಡಿದೆ. ಸೂಕ್ಷ್ಮಜೀವಿಗಳನ್ನೂ ಅವುಗಳ ಕಿಣ್ವಗಳನ್ನೂ ಮನುಷ್ಯ ತನ್ನ ಕೆಲಸಕ್ಕೆ ಹೇಗೆ ತಿದ್ದಿಕೊಂಡ, ಅದರಿಂದ ವೈದ್ಯಕೀಯದಲ್ಲೂ ಉದ್ಯಮದಲ್ಲೂ ಏನಾಯಿತು, ಮುಂದೆ ಏನಾಗಬೇಕು ಎಂಬುದು ಇವತ್ತಿನ ವಿಷಯ.

ಈ ವಿಷಯ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಜೀನ್ ಕತ್ತರಿಸುವ, ಜೋಡಿಸುವ ಚಮತ್ಕಾರವೇ ಮುಂದೆ ನಿಲ್ಲುತ್ತದೆ. ಅದು ಮುಖ್ಯವೇ. ಆದರೆ ಬಹುಕಾಲ ಈ ಪಾಠ ಮಾಡಿದ ಮೇಲೆ ನನಗೆ ಖಚಿತವಾಗಿರುವ ಮಾತೊಂದಿದೆ. ಇಲ್ಲಿ ಗೆಲುವನ್ನು ನಿರ್ಧರಿಸುವುದು ಆಯ್ಕೆ. ಆಯ್ಕೆಯನ್ನು ನಿರ್ಧರಿಸುವುದು ಅಳತೆ. ಸಾವಿರ ಬಗೆಗಳು ಎದುರಿಗಿರುವಾಗ ಯಾವ ಗುಣವನ್ನು ಅಳೆದು ಆರಿಸುತ್ತೇವೋ ಆ ಗುಣವೇ ನಮಗೆ ದಕ್ಕುತ್ತದೆ. ಅಳೆಯದೆ ಬಿಟ್ಟದ್ದು ದಕ್ಕುತ್ತದೆಂಬ ಭರವಸೆಯಿಲ್ಲ. ಕೆಲವೊಮ್ಮೆ ಅದು ತಿರುಗಿ ಬಂದು ಕಾಡುತ್ತದೆ. ನನ್ನ ಇಡೀ ಉಪನ್ಯಾಸ ಈ ಮಾತಿನ ವಿಸ್ತಾರ.

ನಮ್ಮ ರೈತರಿಗೆ ಇದು ಹೊಸದಲ್ಲ. ಕಣಕ್ಕೆ ಬಂದ ರಾಗಿಯಲ್ಲಿ ತುಂಬಿದ ತೆನೆಗಳನ್ನು ಬೇರೆ ಕಟ್ಟಿ ಬಿತ್ತನೆಗೆ ಎತ್ತಿಡುವಾಗ ಅವರು ಮಾಡುವುದೂ ಆಯ್ಕೆಯೇ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಸಂಕರದ ಕೈಚಳಕದಷ್ಟೇ, ಹುಟ್ಟಿದ ಗಿಡಗಳಲ್ಲಿ ಯಾವುದನ್ನು ಉಳಿಸಬೇಕೆಂಬ ವಿವೇಚನೆಯೂ ಆ ಸಾಧನೆಯ ಹಿಂದಿತ್ತು. ಸೂಕ್ಷ್ಮಜೀವಿಯ ವಿಷಯಕ್ಕೆ ಬಂದರೆ ಹೊಲ ಒಂದು ಗಾಜಿನ ತಟ್ಟೆಯಷ್ಟು ಕಿರಿದಾಗುತ್ತದೆ, ಬೆಳೆ ಒಂದೇ ರಾತ್ರಿಯಲ್ಲಿ ಬರುತ್ತದೆ. ತತ್ವ ಅದೇ.

ಕರಬೂಜದ ಮೇಲಿನ ಬೂಷ್ಟು

1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ನನ್ನು ಗುರುತಿಸಿದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಅದು ಔಷಧವಾಗಿ ಅಂಗಡಿಗೆ ಬಂದ ಕಥೆ ಅಷ್ಟಾಗಿ ಗೊತ್ತಿಲ್ಲ. 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಹೊವರ್ಡ್ ಫ್ಲೋರಿ ಅವರ ತಂಡ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಪೆನಿಸಿಲಿನ್ ಕೊಟ್ಟಿತು. ಸಾಯುವ ಸ್ಥಿತಿಯಲ್ಲಿದ್ದ ಆತ ಚೇತರಿಸಿಕೊಳ್ಳತೊಡಗಿದ. ಔಷಧ ಎಷ್ಟು ಕಡಿಮೆಯಿತ್ತೆಂದರೆ, ಆತನ ಮೂತ್ರದಿಂದಲೇ ಪೆನಿಸಿಲಿನ್ನನ್ನು ಹಿಂದಕ್ಕೆ ತೆಗೆದು ಮತ್ತೆ ಚುಚ್ಚಿದರು. ಅದೂ ಮುಗಿಯಿತು. ರೋಗಿ ತೀರಿಕೊಂಡ. ಔಷಧ ಕೆಲಸ ಮಾಡುತ್ತದೆಂದು ಆಗಲೇ ಗೊತ್ತಾಗಿತ್ತು. ಆ ಬೂಷ್ಟು ಅದನ್ನು ಸಾಕಷ್ಟು ಮಾಡುತ್ತಿರಲಿಲ್ಲ, ಅಷ್ಟೆ.

ಅದೇ ವರ್ಷ ಫ್ಲೋರಿ ಮತ್ತು ನಾರ್ಮನ್ ಹೀಟ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾ ಊರಿನ ಕೃಷಿ ಇಲಾಖೆಯ ಪ್ರಯೋಗಾಲಯಕ್ಕೆ ಹೋದರು. ಅಲ್ಲಿ ಮೆಕ್ಕೆಜೋಳದ ಪಿಷ್ಟ ತೆಗೆಯುವಾಗ ಉಳಿಯುವ ನೆನೆಹಾಕಿದ ನೀರನ್ನು ಬೂಷ್ಟಿಗೆ ಆಹಾರವಾಗಿ ಕೊಟ್ಟಾಗ ಇಳುವರಿ ಹಲವು ಪಟ್ಟು ಏರಿತು. ಮುಂದಿನ ಪ್ರಶ್ನೆ, ಇದಕ್ಕಿಂತ ಒಳ್ಳೆಯ ತಳಿ ಎಲ್ಲಿದೆ ಎಂಬುದು. ನಾನಾ ಕಡೆಯಿಂದ ಮಣ್ಣು ತರಿಸಿ ಹುಡುಕಿದರು. ಕೊನೆಗೆ ಸಿಕ್ಕಿದ್ದು ಅದೇ ಊರಿನ ಮಾರುಕಟ್ಟೆಯಿಂದ 1943ರಲ್ಲಿ ಬಂದ, ಬೂಷ್ಟು ಹಿಡಿದ ಒಂದು ಕರಬೂಜದ ಹಣ್ಣಿನಲ್ಲಿ. ಆ ತಳಿಯ ಹೆಸರು ಎನ್‌ಆರ್‌ಆರ್‌ಎಲ್ 1951. ಅದಕ್ಕೆ ಎಕ್ಸ್-ಕಿರಣ ಹಾಯಿಸಿ ಸಂತತಿಯಲ್ಲಿ ಉತ್ತಮವಾದದ್ದನ್ನು ಆರಿಸಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ನೇರಳಾತೀತ ಕಿರಣ ಹಾಯಿಸಿ ಮತ್ತೆ ಆರಿಸಿದರು. ಕಿರಣ ತಗುಲಿದಾಗ ಡಿಎನ್‌ಎಯಲ್ಲಿ ಅಲ್ಲಲ್ಲಿ ಬದಲಾವಣೆಗಳಾಗುತ್ತವೆ. ಹೆಚ್ಚಿನವು ಕೆಡುಕು, ಕೆಲವು ನಿಷ್ಫಲ, ಎಲ್ಲೋ ಒಂದು ಒಳಿತು. ಆ ಒಂದನ್ನು ಹೆಕ್ಕಲು ಪ್ರತಿ ಸಂತತಿಯ ಪೆನಿಸಿಲಿನ್ನನ್ನೂ ಅಳೆಯಬೇಕು. ಹೀಗೆ ದಶಕಗಳ ಕಾಲ ಅಳೆದು ಆರಿಸಿದ ಫಲವಾಗಿ, ಒಂದು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿದ್ದ ಇಳುವರಿ ಇಂದು 50 ಗ್ರಾಂ ಆಸುಪಾಸಿಗೆ ಬಂದಿದೆ.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಮೊದಲ ತಳಿಗಳು ಪೆನಿಸಿಲಿನ್ ಜೊತೆಗೆ ಹಳದಿ ಬಣ್ಣವನ್ನೂ ಸುರಿಸುತ್ತಿದ್ದವು. ಶುದ್ಧೀಕರಣದಲ್ಲಿ ಆ ಬಣ್ಣ ಕಾಟ ಕೊಡುತ್ತಿತ್ತು. ಇಳುವರಿಯನ್ನು ಮಾತ್ರ ನೋಡುತ್ತಿದ್ದಷ್ಟು ದಿನ ಬಣ್ಣ ಹೋಗಲಿಲ್ಲ. ಬಣ್ಣವಿಲ್ಲದ ಸಂತತಿಯನ್ನೇ ಬೇಕೆಂದು ಹುಡುಕಿದ ಮೇಲೆ ಅಂಥದ್ದು ಸಿಕ್ಕಿತು. ಕೇಳಿದ್ದನ್ನು ಜೀವಿ ಕೊಟ್ಟಿತು, ಕೇಳುವವರೆಗೆ ಕೊಡಲಿಲ್ಲ.

ಇನ್ನೂ ಸ್ವಾರಸ್ಯದ ವಿಷಯವೆಂದರೆ, ಆ ತಳಿಗಳ ಒಳಗೆ ಏನಾಗಿತ್ತೆಂದು ಆರಿಸಿದವರಿಗೇ ಗೊತ್ತಿರಲಿಲ್ಲ. ಡಿಎನ್‌ಎ ಓದುವ ವಿದ್ಯೆ ಬಂದ ಮೇಲೆ ನೋಡಿದರೆ, ಹೆಚ್ಚು ಇಳುವರಿಯ ತಳಿಗಳಲ್ಲಿ ಪೆನಿಸಿಲಿನ್ ತಯಾರಿಸುವ ಜೀನ್‌ಗಳ ಇಡೀ ಗುಂಪು ಒಂದರ ಪಕ್ಕ ಒಂದರಂತೆ ಹಲವು ಪ್ರತಿಗಳಾಗಿ ಕೂತಿತ್ತು. ಪೆನಿಸಿಲಿನ್ ತಯಾರಿಕೆಯ ಕೊನೆಯ ಹಂತ ನಡೆಯುವ ಪೆರಾಕ್ಸಿಸೋಮ್ ಎಂಬ ಕಣಗಳ ಸಂಖ್ಯೆಯೂ ಹೆಚ್ಚಿತ್ತು. ಕಾರಣ ತಿಳಿಯದೆಯೂ ಸರಿಯಾದ ಅಳತೆಯಿಂದ ಸರಿಯಾದ ಜಾಗಕ್ಕೆ ತಲುಪಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಸ್ವತಂತ್ರ ಭಾರತ 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪಿಸಿ ಪೆನಿಸಿಲಿನ್ ತಯಾರಿಕೆಗೆ ಇಳಿದದ್ದು ಈ ವಿದ್ಯೆಯ ಬಲದ ಮೇಲೆಯೇ.

ಇನ್ಸುಲಿನ್: ಬರೆಯುವ ವಿದ್ಯೆ, ಸೋಸುವ ಕಷ್ಟ

ಪೆನಿಸಿಲಿನ್ ಬೂಷ್ಟಿನ ಸ್ವಂತ ಸರಕು. ಬೂಷ್ಟು ತಾನಾಗಿ ಮಾಡುತ್ತಿದ್ದುದನ್ನೇ ನಾವು ಹೆಚ್ಚಾಗಿ ಮಾಡಿಸಿದೆವು. ಮನುಷ್ಯನ ಸರಕನ್ನು ಬ್ಯಾಕ್ಟೀರಿಯಾದಿಂದ ಮಾಡಿಸಲು ಸಾಧ್ಯವೆಂದು ತೋರಿಸಿದ್ದು ಇನ್ಸುಲಿನ್.

1922ರಿಂದ ಆರು ದಶಕಗಳ ಕಾಲ ಸಕ್ಕರೆ ಕಾಯಿಲೆಯವರಿಗೆ ಸಿಗುತ್ತಿದ್ದುದು ಹಂದಿ ಮತ್ತು ದನಗಳ ಮೇದೋಜ್ಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್. ಕಸಾಯಿಖಾನೆಗಳಿಂದ ಟನ್‌ಗಟ್ಟಲೆ ಗ್ರಂಥಿ ಬರಬೇಕಿತ್ತು. ಮನುಷ್ಯನ ಇನ್ಸುಲಿನ್ನಿನಲ್ಲಿ ಪ್ರೋಟೀನಿನ ಕೊಂಡಿಗಳಾದ ಅಮೈನೊ ಆಮ್ಲಗಳು 51 ಇವೆ: ಎ ಸರಪಳಿಯಲ್ಲಿ 21, ಬಿ ಸರಪಳಿಯಲ್ಲಿ 30. ಹಂದಿಯದ್ದು ಒಂದು ಅಮೈನೊ ಆಮ್ಲದಲ್ಲಿ, ದನದ್ದು ಮೂರರಲ್ಲಿ ಭಿನ್ನ. ಕೆಲವರ ದೇಹ ಆ ವ್ಯತ್ಯಾಸವನ್ನೂ ಗುರುತಿಸಿ ತಿರುಗಿ ಬೀಳುತ್ತಿತ್ತು.

1978ರಲ್ಲಿ ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಸಂಸ್ಥೆಯ ಆರ್ಥರ್ ರಿಗ್ಸ್, ಕೇಯಿಚಿ ಇಟಕುರ ಮತ್ತು ಆಗಷ್ಟೇ ಹುಟ್ಟಿದ್ದ ಜೆನೆಂಟೆಕ್ ಕಂಪನಿಯ ವಿಜ್ಞಾನಿಗಳು ಎರಡೂ ಸರಪಳಿಗಳ ಜೀನ್‌ಗಳನ್ನು ರಾಸಾಯನಿಕವಾಗಿ ಕಟ್ಟಿ, ನಮ್ಮ ಕರುಳಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾಗೆ ಹಾಕಿದರು. ಅವರು ಆ ಜೀನನ್ನು ಮನುಷ್ಯನ ಜೀವಕೋಶದಿಂದ ತೆಗೆಯಲಿಲ್ಲ. ಅಮೈನೊ ಆಮ್ಲಗಳ ಅನುಕ್ರಮ ಗೊತ್ತಿತ್ತು, ಅದಕ್ಕೆ ತಕ್ಕ ಡಿಎನ್‌ಎಯನ್ನು ಮೇಜಿನ ಮೇಲೆ ಕಟ್ಟಿದರು. ಎ ಮತ್ತು ಬಿ ಸರಪಳಿಗಳನ್ನು ಬೇರೆ ಬೇರೆ ಬ್ಯಾಕ್ಟೀರಿಯಾಗಳಲ್ಲಿ ತಯಾರಿಸಿ ಆಮೇಲೆ ಕೂಡಿಸಿದರು. 1982ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಅನುಮತಿ ಕೊಟ್ಟಿತು. ಜೀನ್ ತಂತ್ರದಿಂದ ತಯಾರಾಗಿ ಮಾರುಕಟ್ಟೆಗೆ ಬಂದ ಮೊದಲ ಔಷಧ ಅದೇ.

ಇ. ಕೋಲಿಗೆ ಇಂಥ ಅಪರಿಚಿತ ಪ್ರೋಟೀನನ್ನು ಮಡಚಲು ಬರುವುದಿಲ್ಲ. ತಯಾರಾದ ಸರಪಳಿಗಳು ಒಳಗೇ ಗಂಟುಕಟ್ಟಿ ಕೂತುಬಿಡುತ್ತವೆ. ಅವನ್ನು ಬಿಡಿಸಿ, ಸರಿಯಾಗಿ ಮಡಚಿ, ಶುದ್ಧಿ ಮಾಡುವುದೇ ದೊಡ್ಡ ಕೆಲಸ. ಇದಕ್ಕೆ ಇನ್ನೊಂದು ದಾರಿ ಯೀಸ್ಟ್. ಪಿಕಿಯಾ ಎಂಬ ಯೀಸ್ಟ್ ಮೆಥನಾಲನ್ನು ತಿಂದು ಬದುಕಬಲ್ಲದು. 1970ರ ದಶಕದಲ್ಲಿ ಅಮೆರಿಕದ ಒಂದು ಪೆಟ್ರೋಲಿಯಂ ಕಂಪನಿ ಮೆಥನಾಲಿನಿಂದ ಪಶು ಆಹಾರ ಮಾಡಬಹುದೆಂದು ಅದನ್ನು ಸಾಕತೊಡಗಿತ್ತು. ಆ ಯೋಜನೆ ಲಾಭ ಕೊಡಲಿಲ್ಲ, ಆದರೆ ಯೀಸ್ಟ್ ಉಳಿಯಿತು. ಮೆಥನಾಲ್ ಕಂಡೊಡನೆ ಭರದಿಂದ ಚಾಲೂ ಆಗುವ ಅದರ ಒಂದು ಜೀನ್‌ಸ್ವಿಚ್ಚಿಗೆ ನಮಗೆ ಬೇಕಾದ ಜೀನನ್ನು ಜೋಡಿಸಿದರೆ, ಯೀಸ್ಟ್ ಆ ಪ್ರೋಟೀನನ್ನು ಮಡಚಿ ಹೊರಗಿನ ದ್ರವಕ್ಕೆ ಬಿಡುತ್ತದೆ.

ಇಲ್ಲಿ ಬೆಂಗಳೂರಿನ ಹೆಸರು ಬರುತ್ತದೆ. 1978ರಲ್ಲಿ ಕಿರಣ್ ಮಜುಂದಾರ್ ಅವರು ಆರಂಭಿಸಿದ ಬಯೋಕಾನ್ ಮೊದಲು ತಯಾರಿಸುತ್ತಿದ್ದುದು ಪರಂಗಿಕಾಯಿಯ ಹಾಲಿನಿಂದ ತೆಗೆಯುವ ಪಪೇನ್ ಕಿಣ್ವ ಮತ್ತು ಮೀನಿನ ಗಾಳಿಚೀಲದಿಂದ ತೆಗೆಯುವ, ಬಿಯರ್ ತಿಳಿಯಾಗಿಸುವ ಐಸಿಂಗ್ಲಾಸ್. ಅಲ್ಲಿಂದ ಬೂಷ್ಟಿನ ಕಿಣ್ವಗಳಿಗೆ, ಅಲ್ಲಿಂದ ಔಷಧಗಳಿಗೆ ಬಂದ ಆ ಕಂಪನಿ 2004ರಲ್ಲಿ ಪಿಕಿಯಾ ಯೀಸ್ಟಿನಲ್ಲಿ ತಯಾರಿಸಿದ ಮನುಷ್ಯ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. 2021ರಲ್ಲಿ ಅದರ ಗ್ಲಾರ್ಜಿನ್ ಇನ್ಸುಲಿನ್, ಮೂಲ ಔಷಧದ ಬದಲಿಗೆ ಔಷಧದಂಗಡಿಯಲ್ಲೇ ಕೊಡಬಹುದಾದ ಮೊದಲ ಜೈವಿಕ ಸಮಾನ ಔಷಧವೆಂದು ಅಮೆರಿಕದಲ್ಲಿ ಮಾನ್ಯತೆ ಪಡೆಯಿತು.

ಈ ಗ್ಲಾರ್ಜಿನ್ ಎಂದರೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎ ಸರಪಳಿಯ ಕೊನೆಯ ಅಮೈನೊ ಆಮ್ಲವನ್ನು ಬದಲಿಸಿ, ಬಿ ಸರಪಳಿಯ ತುದಿಗೆ ಎರಡು ಆರ್ಜಿನೀನ್ ಸೇರಿಸಿದ್ದಾರೆ. ಬಾಟಲಿಯ ಆಮ್ಲೀಯ ದ್ರವದಲ್ಲಿ ಅದು ಕರಗಿರುತ್ತದೆ. ಚರ್ಮದ ಕೆಳಗೆ ಹೋದೊಡನೆ ಅಲ್ಲಿನ ತಟಸ್ಥ ಸ್ಥಿತಿಯಲ್ಲಿ ಗರಣೆಗಟ್ಟಿ, ಒಂದು ದಿನದುದ್ದಕ್ಕೂ ನಿಧಾನವಾಗಿ ಕರಗುತ್ತದೆ. ಇದಕ್ಕೆ ಎದುರು ದಿಕ್ಕಿನದು ಲಿಸ್‌ಪ್ರೊ. ಬಿ ಸರಪಳಿಯಲ್ಲಿ 28 ಮತ್ತು 29ನೇ ಅಮೈನೊ ಆಮ್ಲಗಳನ್ನು ಅದಲುಬದಲು ಮಾಡಿದ್ದಾರೆ, ಅಷ್ಟೆ. ಇನ್ಸುಲಿನ್ ಅಣುಗಳು ಒಂದಕ್ಕೊಂದು ಅಂಟಿಕೊಳ್ಳುವುದು ಸಡಿಲವಾಗಿ, ಊಟದ ಹೊತ್ತಿಗೆ ಬೇಗ ಕೆಲಸ ಮಾಡುತ್ತದೆ. ಈ ಎರಡರ ಹಿಂದೆಯೂ ಇದ್ದ ಪ್ರಶ್ನೆ ಹೊಸದು: ಇನ್ಸುಲಿನ್ ಶುದ್ಧವಾಗಿದೆಯೇ ಎಂಬುದರ ಜೊತೆಗೆ, ರೋಗಿಯ ರಕ್ತದಲ್ಲಿ ಅದು ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದೂ ಅಳೆದರು. ಆ ಅಳತೆ ಬಂದ ಮೇಲೆ ಆ ಔಷಧವೂ ಬಂತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ಈ ಎರಡು ಬದಲಾವಣೆಗಳ ಬೆಲೆ ಅವರ ಮನೆಯವರಿಗೆ ಗೊತ್ತು.

ತಟ್ಟೆಯ ಮೇಲಿನ ತಿಳಿ ವರ್ತುಲ

ಇನ್ಸುಲಿನ್ನಿನಲ್ಲಿ ಎಲ್ಲಿ ಕೈ ಹಾಕಬೇಕೆಂದು ಯೋಚಿಸಿ ತೀರ್ಮಾನಿಸಬಹುದಿತ್ತು. ಕಿಣ್ವದಲ್ಲಿ ಅದು ಅಷ್ಟು ಸುಲಭವಲ್ಲ. ಕಿಣ್ವವೆಂದರೆ ಒಂದು ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ಪ್ರೋಟೀನು. ನೂರು ಅಮೈನೊ ಆಮ್ಲಗಳ ಒಂದು ಚಿಕ್ಕ ಪ್ರೋಟೀನಿಗೆ ಎಷ್ಟು ಬಗೆ ಸಾಧ್ಯ ಎಂದು ಲೆಕ್ಕ ಹಾಕಿದರೆ, 1ರ ಮುಂದೆ 130 ಸೊನ್ನೆ ಇಟ್ಟಷ್ಟು. ಕಾಣುವ ವಿಶ್ವದ ಪರಮಾಣುಗಳೆಲ್ಲ ಸೇರಿದರೂ ಅದರ ಹತ್ತಿರ ಬರುವುದಿಲ್ಲ. 1980ರ ದಶಕದಲ್ಲಿ ಹಲವರು ಕಿಣ್ವದ ರಚನೆ ನೋಡಿ, ತರ್ಕದಿಂದ ತಿದ್ದಲು ಹೊರಟು ಕೈಸೋತರು.

ಕ್ಯಾಲ್ಟೆಕ್‌ನ ಫ್ರಾನ್ಸಿಸ್ ಅರ್ನಾಲ್ಡ್ ಬೇರೆ ದಾರಿ ಹಿಡಿದರು. ಅವರು ತೆಗೆದುಕೊಂಡದ್ದು ಸಬ್ಟಿಲಿಸಿನ್, ಬಟ್ಟೆ ಒಗೆಯುವ ಪುಡಿಗಳಲ್ಲಿ ರಕ್ತ, ಹಾಲು, ಬೆವರಿನ ಕಲೆ ತೆಗೆಯುವ ಕಿಣ್ವಗಳ ಮನೆತನದ್ದು. ನೀರಿನಲ್ಲಿ ಕೆಲಸ ಮಾಡುವ ಇದು ಡೈಮೀಥೈಲ್ ಫಾರ್ಮಮೈಡ್ ಎಂಬ ಸಾವಯವ ದ್ರಾವಕದಲ್ಲಿ ಹೆಚ್ಚುಕಡಿಮೆ ಸತ್ತಂತೆ ಆಗುತ್ತದೆ. ಅದರಲ್ಲೂ ಕೆಲಸ ಮಾಡುವಂತೆ ಮಾಡುವುದು ಗುರಿ. ಜೀನಿನ ಪ್ರತಿ ತೆಗೆಯುವಾಗ ಬೇಕೆಂದೇ ಅಲ್ಲೊಂದು ಇಲ್ಲೊಂದು ತಪ್ಪು ಬೀಳುವಂತೆ ಮಾಡಿದರು. ಆ ಜೀನ್‌ಗಳನ್ನು ಬ್ಯಾಕ್ಟೀರಿಯಾಗಳಿಗೆ ಹಾಕಿ, ಹಾಲಿನ ಪ್ರೋಟೀನಾದ ಕೇಸೀನ್ ಮತ್ತು ಆ ದ್ರಾವಕ ಎರಡನ್ನೂ ಬೆರೆಸಿದ, ಅಗರ್ ಎಂಬ ಲೋಳೆಯ ತಟ್ಟೆಯಲ್ಲಿ ಬೆಳೆಸಿದರು.

ಈ ತಟ್ಟೆಯ ಸರಳ ರೂಪವನ್ನು ನಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳೂ ಹೊಯ್ಯುತ್ತಾರೆ. ಕೆನೆ ತೆಗೆದ ಹಾಲು ಬೆರೆಸಿದ ಅಗರ್ ತಣ್ಣಗಾದಾಗ ತಟ್ಟೆಯಿಡೀ ಮಬ್ಬು ಬಿಳಿ. ಮಣ್ಣಿನ ತಿಳಿಯನ್ನು ಹರಡಿ ರಾತ್ರಿ ಬೆಚ್ಚಗಿಟ್ಟರೆ ಬೆಳಿಗ್ಗೆ ಸಾಸಿವೆ ಕಾಳಿನಷ್ಟು ಬ್ಯಾಕ್ಟೀರಿಯಾದ ಚುಕ್ಕಿಗಳು ಎದ್ದಿರುತ್ತವೆ. ಕೆಲವು ಚುಕ್ಕಿಗಳ ಸುತ್ತ ಬಿಳುಪು ಕರಗಿ, ಗಾಜಿನಂತೆ ತಿಳಿಯಾದ ಒಂದು ವರ್ತುಲ ಕಾಣುತ್ತದೆ. ಆ ಚುಕ್ಕಿಯಿಂದ ಹೊರಬಂದ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸಿದ ಗುರುತು ಅದು. ವಿದ್ಯಾರ್ಥಿಗಳು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಸ್ಕೇಲಿನಿಂದ ವರ್ತುಲದ ಅಗಲ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕಣ್ಣಿಗೆ ಕಾಣದ ಅಣುವಿನ ಸಾಮರ್ಥ್ಯ ಮಿಲಿಮೀಟರ್ ಆಗಿ ಕಾಣುವ ಕ್ಷಣ ಅದು.

ಅರ್ನಾಲ್ಡ್ ಅವರು ವರ್ತುಲ ದೊಡ್ಡದಾಗಿದ್ದ ಚುಕ್ಕಿಗಳನ್ನು ಆರಿಸಿ, ಅವುಗಳ ಜೀನಿನಲ್ಲಿ ಮತ್ತೆ ತಪ್ಪು ಬೀಳಿಸಿ, ಮತ್ತೆ ಆರಿಸಿದರು. 1993ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹತ್ತು ಅಮೈನೊ ಆಮ್ಲಗಳು ಬದಲಾದ ಆ ಕಿಣ್ವ, ಶೇಕಡ 60ರಷ್ಟು ದ್ರಾವಕವಿರುವಲ್ಲಿ ಮೂಲ ಕಿಣ್ವಕ್ಕಿಂತ 256 ಪಟ್ಟು ಚುರುಕಾಗಿತ್ತು. ಈ ಕಿಣ್ವದಲ್ಲಿರುವುದು 275 ಅಮೈನೊ ಆಮ್ಲಗಳು. ಒಮ್ಮೆಗೆ ಒಂದನ್ನು ಬದಲಿಸಿದರೆ ಸಾಧ್ಯವಾಗುವ ಬಗೆಗಳು ಕೇವಲ 5,225. ಇವನ್ನು ತಟ್ಟೆಗಳ ಮೇಲೆ ಜರಡಿ ಹಿಡಿಯಬಹುದು. 130 ಸೊನ್ನೆಗಳ ಅರಣ್ಯದಲ್ಲಿ ಎಲ್ಲ ಕಡೆ ಹುಡುಕಬೇಕಿಲ್ಲ, ಹೆಜ್ಜೆ ಹೆಜ್ಜೆಗೂ ಏರಿನ ಕಡೆಗೆ ನಡೆದರೆ ಸಾಕು. 2018ರ ರಸಾಯನ ವಿಜ್ಞಾನ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಅರ್ನಾಲ್ಡ್ ಅವರಿಗೆ ಬಂದದ್ದು ಈ ನಿರ್ದೇಶಿತ ವಿಕಾಸದ ವಿಧಾನಕ್ಕೆ. ಯಾವುದನ್ನು ಜರಡಿ ಹಿಡಿಯುತ್ತೀರೋ ಅದೇ ಸಿಗುತ್ತದೆ ಎಂಬುದು ಈ ಕ್ಷೇತ್ರದವರಲ್ಲಿ ಬಳಕೆಯ ಮಾತಾಗಿದೆ. ನೀರಿನಲ್ಲಿ ಅಳೆದರೆ ನೀರಿಗೆ ಒಗ್ಗಿದ ಕಿಣ್ವ ಸಿಗುತ್ತದೆ, ದ್ರಾವಕದಲ್ಲಿ ಅಳೆದರೆ ದ್ರಾವಕಕ್ಕೆ ಒಗ್ಗಿದ್ದು.

ಔಷಧ ಕಾರ್ಖಾನೆಯೊಳಗೆ

ಈ ವಿದ್ಯೆ ಪ್ರಯೋಗಾಲಯ ದಾಟಿದ್ದಕ್ಕೆ ಒಂದು ಉದಾಹರಣೆ ಸಾಕು. ಸಿಟಾಗ್ಲಿಪ್ಟಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಿಮ್ಮಲ್ಲಿ ಕೆಲವರು ದಿನವೂ ನುಂಗುತ್ತಿರಬಹುದು. ಆ ಅಣುವಿಗೆ ಒಂದಕ್ಕೊಂದು ಪ್ರತಿಬಿಂಬವಾದ ಎರಡು ರೂಪಗಳಿವೆ; ಬೇಕಾದದ್ದು ಒಂದೇ. ಹಿಂದೆ ರೋಡಿಯಂ ಎಂಬ ದುಬಾರಿ ಲೋಹದ ವೇಗವರ್ಧಕ ಬಳಸಿ, ಹೆಚ್ಚಿನ ಒತ್ತಡದಲ್ಲಿ ಜಲಜನಕ ಹಾಯಿಸಿ ತಯಾರಿಸುತ್ತಿದ್ದರು. ಆಮೇಲೆ ಬೇಡದ ರೂಪವನ್ನೂ ಲೋಹದ ಅಂಶವನ್ನೂ ತೆಗೆಯಬೇಕಿತ್ತು. ಮರ್ಕ್ ಮತ್ತು ಕೊಡೆಕ್ಸಿಸ್ ಕಂಪನಿಗಳ ವಿಜ್ಞಾನಿಗಳು ಒಂದು ಬ್ಯಾಕ್ಟೀರಿಯಾದ ಟ್ರಾನ್ಸ್‌ಅಮಿನೇಸ್ ಕಿಣ್ವವನ್ನು ಹಿಡಿದರು. ಆರಂಭದಲ್ಲಿ ಆ ಕಿಣ್ವ ಈ ದೊಡ್ಡ ಅಣುವನ್ನು ಮುಟ್ಟುತ್ತಲೇ ಇರಲಿಲ್ಲ. ಮೊದಲು ಅಣುವಿನ ಚಿಕ್ಕ ತುಂಡನ್ನು ಕೊಟ್ಟು ಒಗ್ಗಿಸಿ, ಕಿಣ್ವದ ಬಾಯನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸಿ, ಸುತ್ತು ಸುತ್ತಾಗಿ ಆರಿಸುತ್ತ ಹೋದರು.

2010ರಲ್ಲಿ ಪ್ರಕಟವಾದ ಆ ಕೆಲಸದ ಫಲ: 27 ಅಮೈನೊ ಆಮ್ಲಗಳು ಬದಲಾದ, ಬೇಕಾದ ರೂಪವನ್ನೇ ಶೇಕಡ 99.95ಕ್ಕೂ ಮಿಕ್ಕ ಶುದ್ಧಿಯಲ್ಲಿ ಕೊಡುವ ಕಿಣ್ವ. ಒಟ್ಟು ತ್ಯಾಜ್ಯ ಶೇಕಡ 19ರಷ್ಟು ಇಳಿಯಿತು, ಭಾರಲೋಹದ ಬಳಕೆ ನಿಂತಿತು. ಇಲ್ಲಿ ಗಮನಿಸಬೇಕಾದದ್ದು ಜರಡಿಯ ಗುಣ. ಪ್ರತಿ ಸುತ್ತಿನಲ್ಲೂ ದ್ರಾವಕ, ತಾಪಮಾನ, ಕಚ್ಚಾವಸ್ತುವಿನ ಸಾಂದ್ರತೆ ಇವನ್ನು ಕಾರ್ಖಾನೆಯ ಸ್ಥಿತಿಯ ಹತ್ತಿರಕ್ಕೆ ಏರಿಸುತ್ತ ಹೋದರು. ಪ್ರಯೋಗಾಲಯದ ಮೇಜಿಗೆ ಒಪ್ಪುವ ಕಿಣ್ವ ಅವರಿಗೆ ಬೇಕಿರಲಿಲ್ಲ. ಹೀಗೆಯೇ, ಆಂಪಿಸಿಲಿನ್, ಅಮಾಕ್ಸಿಸಿಲಿನ್ ತಯಾರಿಗೆ ಬೇಕಾದ ಪೆನಿಸಿಲಿನ್ ತಿರುಳನ್ನು ಬಿಡಿಸಲು ಒಂದು ಕಾಲದಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ ಮತ್ತು ಅಪಾಯಕಾರಿ ದ್ರಾವಕಗಳು ಬೇಕಿದ್ದವು. ಪೆನಿಸಿಲಿನ್ ಎಸೈಲೇಸ್ ಎಂಬ ಬ್ಯಾಕ್ಟೀರಿಯಾದ ಕಿಣ್ವ ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮಾಡಿಕೊಡುತ್ತದೆ.

ಒಂದೇ ಕಿಣ್ವ, ಎರಡು ಅಳತೆ

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಒಂದು ಕಿಣ್ವಕ್ಕೆ ಬರುತ್ತೇನೆ. 1953ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕಿಡ್ ಎಂಬ ವಿಜ್ಞಾನಿ, ಗಿನಿಪಿಗ್ ಪ್ರಾಣಿಯ ರಕ್ತದ ಸೀರಂ ಕೊಟ್ಟರೆ ಇಲಿಗಳ ಕೆಲವು ಬಗೆಯ ಗೆಡ್ಡೆಗಳು ಕರಗುತ್ತವೆಂದು ಕಂಡರು. ಕಾರಣ ಗೊತ್ತಿರಲಿಲ್ಲ. ಜಾನ್ ಬ್ರೂಮ್ 1961ರಲ್ಲಿ ಅದು ಆ ಸೀರಂನಲ್ಲಿದ್ದ ಆಸ್ಪರಾಜಿನೇಸ್ ಕಿಣ್ವದ ಕೆಲಸವೆಂದು ತೋರಿಸಿದರು. ಆಸ್ಪರಾಜಿನ್ ಒಂದು ಅಮೈನೊ ಆಮ್ಲ. ನಮ್ಮ ಆರೋಗ್ಯವಂತ ಕೋಶಗಳು ಅದನ್ನು ತಾವೇ ತಯಾರಿಸಿಕೊಳ್ಳುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದು ರಕ್ತದ ಕ್ಯಾನ್ಸರಿನ ಕೋಶಗಳಿಗೆ ಆ ಶಕ್ತಿ ಬಹಳ ಕಡಿಮೆ. ಅವು ರಕ್ತದಿಂದ ಹೀರಬೇಕು. ಕಿಣ್ವ ರಕ್ತದಲ್ಲಿರುವ ಆಸ್ಪರಾಜಿನ್ನನ್ನು ಒಡೆದುಹಾಕಿದರೆ ಆ ಕೋಶಗಳು ಹಸಿದು ಸಾಯುತ್ತವೆ. ಇ. ಕೋಲಿಯಲ್ಲೂ ಈ ಕಿಣ್ವ ಇದೆ ಎಂದು ಗೊತ್ತಾದ ಮೇಲೆ ಅದು ಫರ್ಮೆಂಟರಿನಲ್ಲಿ, ಅಂದರೆ ಸೂಕ್ಷ್ಮಜೀವಿ ಬೆಳೆಸುವ ತೊಟ್ಟಿಯಲ್ಲಿ, ತಯಾರಾಗುವ ಔಷಧವಾಯಿತು. ಇಂದು ಆ ಕಾಯಿಲೆಯ ಮಕ್ಕಳ ಚಿಕಿತ್ಸೆಯಲ್ಲಿ ಇದು ಬಿಡಲಾಗದ ಅಂಗ.

ಇದೇ ಕ್ರಿಯೆಯ ಕಿಣ್ವಕ್ಕೆ ಇನ್ನೊಂದು ಉದ್ಯೋಗವಿದೆ. ಆಲೂಗಡ್ಡೆ ಚಿಪ್ಸ್, ಬಿಸ್ಕತ್ತುಗಳನ್ನು ಹೆಚ್ಚು ಶಾಖದಲ್ಲಿ ಕರಿದಾಗ ಅಥವಾ ಬೇಯಿಸಿದಾಗ ಅವುಗಳಲ್ಲಿನ ಆಸ್ಪರಾಜಿನ್ ಸಕ್ಕರೆಯೊಂದಿಗೆ ವರ್ತಿಸಿ ಅಕ್ರಿಲಮೈಡ್ ಎಂಬ, ಕ್ಯಾನ್ಸರ್ ತರಬಹುದೆಂದು ಶಂಕಿಸಿದ ವಸ್ತು ಉಂಟಾಗುತ್ತದೆ. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದನ್ನು ಬಯಲಿಗೆ ತಂದರು. ಹಿಟ್ಟಿಗೆ ಮೊದಲೇ ಆಸ್ಪರಾಜಿನೇಸ್ ಬೆರೆಸಿದರೆ ಅಕ್ರಿಲಮೈಡ್ ಬಹಳಷ್ಟು ಇಳಿಯುತ್ತದೆ. ಆಸ್ಪರ್ಜಿಲಸ್ ಬೂಷ್ಟುಗಳಿಂದ ತಯಾರಾಗುವ ಕಿಣ್ವ ಈ ಕೆಲಸಕ್ಕೆ ಮಾರುಕಟ್ಟೆಯಲ್ಲಿದೆ.

ಎರಡೂ ಕಡೆ ನಡೆಯುವ ರಾಸಾಯನಿಕ ಕ್ರಿಯೆ ಒಂದೇ, ಆದರೆ ಆಯ್ಕೆಯ ಗುಣಗಳು ಬೇರೆಯೇ. ಬಿಸ್ಕತ್ತಿನ ಕಿಣ್ವ ಅಗ್ಗವಾಗಿರಬೇಕು, ಹಿಟ್ಟಿನಲ್ಲಿ ಬೇಗ ಕೆಲಸ ಮುಗಿಸಿ, ಬೇಯುವಾಗ ತಾನೂ ನಾಶವಾಗಬೇಕು. ಮಗುವಿನ ರಕ್ತಕ್ಕೆ ಹೋಗುವ ಕಿಣ್ವ ಅತಿ ಕಡಿಮೆ ಆಸ್ಪರಾಜಿನ್ ಇದ್ದರೂ ಹುಡುಕಿ ಹಿಡಿಯಬೇಕು. ಕಿಣ್ವದಲ್ಲಿ ಬ್ಯಾಕ್ಟೀರಿಯಾದ ವಿಷಾಂಶದ ಸುಳಿವೂ ಇರಬಾರದು. ದೇಹದ ರಕ್ಷಣಾ ವ್ಯವಸ್ಥೆ ಅದರ ಮೇಲೆ ಬೀಳಬಾರದು. ಇ. ಕೋಲಿಯ ಮೂಲ ಕಿಣ್ವ ರಕ್ತದಲ್ಲಿ ಒಂದೆರಡು ದಿನದೊಳಗೇ ಅರ್ಧಕ್ಕಿಳಿಯುತ್ತದೆ. ಅದಕ್ಕೆ ಪಾಲಿಎಥಿಲಿನ್ ಗ್ಲೈಕಾಲ್ ಸರಪಳಿಗಳನ್ನು ಜೋಡಿಸಿದಾಗ ಐದಾರು ದಿನ ತಡೆಯುತ್ತದೆ, ಅಲರ್ಜಿಯೂ ಕಡಿಮೆ. ಇ. ಕೋಲಿಯ ಕಿಣ್ವಕ್ಕೆ ಅಲರ್ಜಿಯಾದ ಮಕ್ಕಳಿಗೆ ಎರ್ವಿನಿಯಾ ಎಂಬ ಬೇರೊಂದು ಬ್ಯಾಕ್ಟೀರಿಯಾದ ಕಿಣ್ವ ಕೊಡುತ್ತಾರೆ.

ಈಗ ಕಷ್ಟದ ಮಾತು. ನಮ್ಮ ದೇಶದಲ್ಲಿ ಮಾರಾಟವಾಗುವ ಕೆಲವು ಜೆನೆರಿಕ್ ಆಸ್ಪರಾಜಿನೇಸ್‌ಗಳನ್ನು ಸಂಶೋಧಕರು ಪರೀಕ್ಷಿಸಿದಾಗ, ಅವುಗಳ ಚಟುವಟಿಕೆ ಇರಬೇಕಾದಷ್ಟು ಇರಲಿಲ್ಲ. ಕಿಣ್ವ ಬಾಟಲಿಯಲ್ಲಿ ಇದ್ದರೆ ಸಾಲದು, ಜೀವಂತವಾಗಿರಬೇಕು. ಸಾಮಾನ್ಯ ಮಾತ್ರೆಯಲ್ಲಿ ತೂಕ ಸರಿಯಿದ್ದರೆ ಔಷಧವೂ ಬಹುತೇಕ ಸರಿಯಿರುತ್ತದೆ. ಕಿಣ್ವದ ಮಡಿಕೆ ಸ್ವಲ್ಪ ಬಿಚ್ಚಿಕೊಂಡರೂ ತೂಕ ಹಾಗೆಯೇ ಇರುತ್ತದೆ, ಕೆಲಸ ಹೋಗಿರುತ್ತದೆ. ಆದ್ದರಿಂದಲೇ ಚುಚ್ಚಿದ ಕೆಲವು ದಿನಗಳ ಮೇಲೆ ಮಗುವಿನ ರಕ್ತ ತೆಗೆದು, ಒಂದು ಮಿಲಿಲೀಟರಿಗೆ ಕನಿಷ್ಠ 0.1 ಘಟಕದಷ್ಟು ಕಿಣ್ವ ಚಟುವಟಿಕೆ ಇದೆಯೇ ಎಂದು ನೋಡುವ ಪದ್ಧತಿ ಮುಂದುವರಿದ ದೇಶಗಳಲ್ಲಿ ಬಂದಿದೆ. ನಮ್ಮಲ್ಲಿ ಇದು ಎಲ್ಲ ಆಸ್ಪತ್ರೆಗಳ ದಿನನಿತ್ಯದ ಪರೀಕ್ಷೆಯಾಗಬೇಕು. ಬಡ ತಂದೆತಾಯಿ ಒಡವೆ ಅಡವಿಟ್ಟು ತಂದ ಔಷಧ ಕೆಲಸ ಮಾಡಿತೇ ಇಲ್ಲವೇ ಎಂಬುದನ್ನು ತಿಳಿಯುವ ಹಕ್ಕು ಅವರಿಗಿದೆ. ತಳಿ ಆರಿಸುವಾಗ ಇದ್ದ ಶ್ರದ್ಧೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತುಹೋದರೆ ಹಿಂದಿನ ಶ್ರಮವೆಲ್ಲ ವ್ಯರ್ಥ.

ನಾವು ಬಯಸದ ಆಯ್ಕೆ

ಆಯ್ಕೆ ಎಂಬುದು ಪ್ರಯೋಗಾಲಯದ ಸ್ವತ್ತಲ್ಲ. ನಾವು ಗಮನಿಸಿದರೂ ನಡೆಯುತ್ತದೆ, ಗಮನಿಸದಿದ್ದರೂ ನಡೆಯುತ್ತದೆ. 1994ರಲ್ಲಿ ವಿಲೆಮ್ ಸ್ಟೆಮ್ಮರ್ ಒಂದು ಪ್ರಯೋಗ ಮಾಡಿದರು. ಪೆನಿಸಿಲಿನ್ನನ್ನು ಒಡೆಯುವ, ಟೆಮ್-1 ಎಂಬ ಬ್ಯಾಕ್ಟೀರಿಯಾ ಕಿಣ್ವದ ಜೀನನ್ನು ಚೂರು ಮಾಡಿ, ಬೆರೆಸಿ, ಮರುಜೋಡಿಸಿ, ಸೆಫೋಟಾಕ್ಸಿಮ್ ಎಂಬ ಹೊಸ ಪೀಳಿಗೆಯ ಆಂಟಿಬಯೋಟಿಕ್ ಇರುವ ತಟ್ಟೆಯಲ್ಲಿ ಬದುಕಿದವನ್ನು ಆರಿಸುತ್ತ ಹೋದರು. ಕೆಲವೇ ಸುತ್ತುಗಳಲ್ಲಿ ಬ್ಯಾಕ್ಟೀರಿಯಾದ ತಡೆದುಕೊಳ್ಳುವ ಶಕ್ತಿ 32,000 ಪಟ್ಟು ಏರಿತು. ಆ ಕಿಣ್ವದಲ್ಲಿ ಕಂಡ ಕೆಲವು ಬದಲಾವಣೆಗಳು ಆಸ್ಪತ್ರೆಗಳ ರೋಗಿಗಳಿಂದ ಬಂದ ಬ್ಯಾಕ್ಟೀರಿಯಾಗಳಲ್ಲೂ ಇದ್ದವೇ. ವಿಜ್ಞಾನಿ ಬೇಕೆಂದು ಮಾಡಿದ್ದನ್ನು ವಾರ್ಡುಗಳಲ್ಲಿ ನಮ್ಮ ಅಜಾಗರೂಕತೆ ಮಾಡಿತ್ತು.

ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಹತ್ತಾರು ಔಷಧ ಕಾರ್ಖಾನೆಗಳ ತ್ಯಾಜ್ಯ ನೀರು ಒಂದೇ ಶುದ್ಧೀಕರಣ ಘಟಕಕ್ಕೆ ಬರುತ್ತಿತ್ತು. ಸ್ವೀಡನ್ನಿನ ಯೋಆಕಿಮ್ ಲಾರ್ಸನ್ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದಂತೆ, ಶುದ್ಧೀಕರಿಸಿ ಹೊರಬಿಟ್ಟ ನೀರಿನಲ್ಲಿ ಸಿಪ್ರೊಫ್ಲಾಕ್ಸಸಿನ್ ಪ್ರಮಾಣ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಆ ಔಷಧ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚು. ಸಿಪ್ರೊಫ್ಲಾಕ್ಸಸಿನ್ ರಾಸಾಯನಿಕವಾಗಿ ತಯಾರಾಗುವ ಔಷಧ, ಫರ್ಮೆಂಟರಿನದಲ್ಲ. ಆದರೆ ಪಾಠ ಒಂದೇ. ಅಂಥ ನೀರು ಹರಿಯುವ ಹಳ್ಳ ತಾನೇ ಒಂದು ದೊಡ್ಡ ಜರಡಿಯಾಗುತ್ತದೆ. ಅಲ್ಲಿ ಆಯ್ಕೆಯಾಗುವುದು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ. ನಮ್ಮ ನಿಯಮಗಳು ಆ ನೀರಿನಲ್ಲಿ ಬೇರೆ ಬೇರೆ ಅಂಶಗಳನ್ನು ಅಳೆಯುತ್ತಿದ್ದವು, ಆಂಟಿಬಯೋಟಿಕ್ಕನ್ನು ಅಳೆಯುತ್ತಿರಲಿಲ್ಲ. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಕರಡಿನಲ್ಲಿ ಆಂಟಿಬಯೋಟಿಕ್ ಮಿತಿಗಳಿದ್ದವು. 2021ರ ಅಂತಿಮ ಅಧಿಸೂಚನೆಯಲ್ಲಿ ಅವು ಉಳಿಯಲಿಲ್ಲ. ಅವು ಮರಳಿ ಬರಬೇಕೆಂದು ಈ ವೇದಿಕೆಯಿಂದ ಒತ್ತಾಯದಿಂದ ಹೇಳುತ್ತೇನೆ.

ಮುಂದಿನ ಕೆಲಸ

2024ರ ರಸಾಯನ ವಿಜ್ಞಾನ ನೊಬೆಲ್ ಪ್ರಶಸ್ತಿ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅವರಿಗೂ, ಅವುಗಳ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್ ರೂಪಿಸಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೂ ಸಂದಿತು. ಇನ್ನು ಮೇಲೆ ತಟ್ಟೆ, ಜರಡಿ ಬೇಡವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಬೇಕು. ಕಂಪ್ಯೂಟರ್ ಹುಡುಕಾಟದ ಜಾಗವನ್ನು ಕಿರಿದು ಮಾಡುತ್ತದೆ. ಅದು ಕಲಿಯುವುದು ಈಗಾಗಲೇ ಯಾರೋ ಅಳೆದಿಟ್ಟ ಅಂಕಿಗಳಿಂದ. ಅದು ಸೂಚಿಸಿದ ಕಿಣ್ವ ಕೆಲಸ ಮಾಡುತ್ತದೆಯೇ ಎಂಬುದು ತಿಳಿಯುವುದೂ ಅಳೆದ ಮೇಲೆಯೇ. ಒಳ್ಳೆಯ ಅಳತೆಯ ಬೆಲೆ ಇಳಿಯುತ್ತಿಲ್ಲ, ಏರುತ್ತಿದೆ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಬಯೋ-ಇ3 ನೀತಿಗೆ ಒಪ್ಪಿಗೆ ಕೊಟ್ಟಿದೆ. ಸೂಕ್ಷ್ಮಜೀವಿಗಳಿಂದ ರಾಸಾಯನಿಕ, ಔಷಧ, ಆಹಾರ ತಯಾರಿಸುವ ಉದ್ಯಮಗಳಿಗೆ ಒತ್ತು ಸಿಗಲಿದೆ. ಬೆಂಗಳೂರಿನಲ್ಲಿ ಕಂಪನಿಗಳಿವೆ, ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಘನ ಮಾಧ್ಯಮದ ಹುದುಗುವಿಕೆ ಮತ್ತು ಕಿಣ್ವಗಳ ಬಗ್ಗೆ ದಶಕಗಳ ಅನುಭವವಿದೆ, ಪಶ್ಚಿಮ ಘಟ್ಟದ ಮಣ್ಣಿನಲ್ಲಿ ಇನ್ನೂ ಯಾರೂ ನೋಡದ ಸೂಕ್ಷ್ಮಜೀವಿಗಳಿವೆ. ನಮ್ಮಲ್ಲಿ ಕೊರತೆಯಿರುವುದು ನಿಧಾನದ, ಹೆಸರು ತಾರದ ಕೆಲಸಕ್ಕೆ ಕೊಡಬೇಕಾದ ಮರ್ಯಾದೆಯಲ್ಲಿ. ತಳಿಗಳನ್ನು ಸಂಗ್ರಹಿಸಿ ಕಾಪಾಡುವವರು, ಒಂದು ಕಿಣ್ವಕ್ಕೆ ನಂಬಬಹುದಾದ ಪರೀಕ್ಷೆ ಕಟ್ಟುವವರು, ಔಷಧದ ಚಟುವಟಿಕೆಯನ್ನು ರೋಗಿಯ ರಕ್ತದಲ್ಲಿ ನೋಡುವವರು, ಕಾರ್ಖಾನೆಯ ಹಿಂದಿನ ಹಳ್ಳದ ನೀರನ್ನು ತಂದು ಪರೀಕ್ಷಿಸುವವರು, ಇವರಿಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹುದ್ದೆಗಳೂ ಹಣವೂ ಸಿಗಬೇಕು. ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲಿ ಹಾಲಿನ ಅಗರ್ ತಟ್ಟೆ ಹೊಯ್ಯಲು ದುಬಾರಿ ಯಂತ್ರ ಬೇಕಿಲ್ಲ. ಅಲ್ಲಿ ಕಲಿಯುವ ಮಗು ತನ್ನ ಊರಿನ ಮಣ್ಣಿನಿಂದ ಒಂದು ಕಿಣ್ವ ಹುಡುಕಿ, ಅಳೆದು, ಬರೆದಿಟ್ಟರೆ ಅದು ನಿಜವಾದ ವಿಜ್ಞಾನ.

ವಿದ್ಯಾರ್ಥಿಗಳೆ, ಈ ಕ್ಷೇತ್ರಕ್ಕೆ ಬನ್ನಿ. ಬರುವಾಗ ಯಾವ ಜೀನ್ ಹಾಕಲಿ ಎಂಬ ಪ್ರಶ್ನೆಯ ಮೊದಲು ಏನನ್ನು ಅಳೆಯಲಿ, ಯಾರಿಗಾಗಿ ಅಳೆಯಲಿ ಎಂದು ಕೇಳಿಕೊಳ್ಳಿ. ಇಳುವರಿಯನ್ನು ಮಾತ್ರ ಅಳೆದರೆ ಇಳುವರಿ ಸಿಗುತ್ತದೆ. ಅದರ ಜೊತೆಗೆ ಔಷಧದ ಬೆಲೆಯನ್ನೂ, ರೋಗಿಯ ಗುಣವನ್ನೂ, ಹೊರಹೋಗುವ ನೀರನ್ನೂ ಅಳೆದರೆ ಈ ವಿದ್ಯೆ ಎಲ್ಲರಿಗೂ ದಕ್ಕುತ್ತದೆ. ಹಾಗೆ ದಕ್ಕಿಸಿಕೊಡುವುದು ನಿಮ್ಮ ಪೀಳಿಗೆಯ ಕೈಯಲ್ಲಿದೆ, ಅದಕ್ಕೆ ಬೇಕಾದ ಸಲಕರಣೆಯನ್ನೂ ಸ್ವಾತಂತ್ರ್ಯವನ್ನೂ ಒದಗಿಸುವುದು ನಮ್ಮ ಪೀಳಿಗೆಯ ಕರ್ತವ್ಯ.